ಅನಾಟಮಿನ ಬರೀ ಹೆಸರಿನ ಪಟ್ಟಿ ಮಾಡ್ಬೇಡಿ

ನಮಸ್ಕಾರ. ಇವತ್ತು ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ಅದು ಕೆಲಸ ಮಾಡೋ ರೀತಿ) ಹೊಸದಾಗಿ ಓದ್ತಿರೋರ ಹತ್ರ ಮಾತಾಡ್ಬೇಕು, ಅದಕ್ಕಿಂತ ಜಾಸ್ತಿ ಅದನ್ನ ಕಲಿಸೋರ ಹತ್ರ. ಮೊದಲು 206 ಮೂಳೆ ಹೆಸರು ಬಾಯಿಪಾಠ, ಯಾವುದರ ಕೆಲಸ ಏನು ಅನ್ನೋದು ಆಮೇಲೆ ನೋಡ್ಕೊಳ್ಳೋಣ ಅಂತಾರಲ್ಲ, ಅದು ತಪ್ಪು ಅಂತೀನಿ ನಾನು. ರಚನೆ, ಕೆಲಸ ಎರಡೂ ಒಟ್ಟಿಗೇ ಕಲೀಬೇಕು, ಇಲ್ಲಾಂದ್ರೆ ಕಣ್ಣೆದುರಿಗಿದ್ರೂ ಅರ್ಥ ಆಗಲ್ಲ.

ಸುಮ್ನೆ ಹೇಳ್ತಿಲ್ಲ. ಇಟಲಿಯ ಪಡುವಾದಲ್ಲಿ ಫ್ಯಾಬ್ರಿಷಿಯಸ್ ಅಂತ ದೊಡ್ಡ ಅನಾಟಮಿ ಮೇಷ್ಟ್ರು, ವೇನ್ (ಅಭಿಧಮನಿ ಅನ್ನೋ ರಕ್ತನಾಳ) ಒಳಗಿರೋ, ಬಾಗಿಲಿನಂಥ ವಾಲ್ವ್‌ಗಳನ್ನ ಕೊಯ್ದು ನೋಡಿ 1603ರಲ್ಲಿ ಚಿತ್ರ ಸಮೇತ ಪ್ರಿಂಟ್ ಮಾಡ್ಸಿದ್ರು. ಆದ್ರೆ ರಕ್ತ ಲಿವರಲ್ಲಿ ತಯಾರಾಗಿ ವೇನ್‌ಗಳಲ್ಲಿ ಕೈಕಾಲಿಗೆ ಹರಿದು ಅಲ್ಲೇ ಖರ್ಚಾಗುತ್ತೆ ಅನ್ನೋ ಪುರಾತನ ವೈದ್ಯ ಗೇಲನ್ ಕಾಲದ ನಂಬಿಕೆ ತಲೇಲಿತ್ತು, ಹಂಗಾಗಿ ವಾಲ್ವ್ ಇರೋದು ಆ ಹರಿವನ್ನ ನಿಧಾನ ಮಾಡೋಕೆ ಅಂದ್ಕೊಂಡ್ರು. ಅವರ ಸ್ಟೂಡೆಂಟ್ ವಿಲಿಯಂ ಹಾರ್ವೆ ಅದೇ ವಾಲ್ವ್ ನೋಡಿ, ಇದು ಹೃದಯದ ಕಡೆಗೆ ಮಾತ್ರ ದಾರಿ ಬಿಡ್ತಿದೆಯಲ್ಲ ಅಂದ್ರು, ಜೊತೆಗೆ ಲೆಕ್ಕಾನೂ ಹಾಕಿದ್ರು, ಒಂದೊಂದು ಬಡಿತಕ್ಕೆ ಸ್ವಲ್ಪವೇ ರಕ್ತ ಹೋದ್ರೂ ಅರ್ಧ ಗಂಟೇಲಿ ಮೈಯಲ್ಲಿರೋದಕ್ಕಿಂತ ಜಾಸ್ತಿ ಆಗುತ್ತೆ, ಅಷ್ಟೊಂದು ಲಿವರ್ ಹೆಂಗೆ ಮಾಡೀತು? ಅಂದ್ರೆ ಅದೇ ರಕ್ತ ಸುತ್ತುತ್ತಿದೆ. 1628ರಲ್ಲಿ ಅದನ್ನ ಪ್ರಕಟಿಸಿದ್ರು. ಇವತ್ತು ನಮಗೆ ಗೊತ್ತು, ಸುಮ್ನೆ ಕೂತಿದ್ರೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ಪಂಪ್ ಮಾಡುತ್ತೆ, ದೊಡ್ಡೋರ ಮೈಯಲ್ಲಿರೋ ರಕ್ತಾನೂ ಹೆಚ್ಚುಕಮ್ಮಿ ಅಷ್ಟೇ.

ಹೃದಯದ ಎಡ ವೆಂಟ್ರಿಕಲ್ (ರಕ್ತವನ್ನ ಹೊರಗೆ ತಳ್ಳೋ ಕೋಣೆ) ಗೋಡೆ ಬಲದ್ದಕ್ಕಿಂತ ದಪ್ಪ ಅಂತ ಬರೆದ್ರೆ ಮಾರ್ಕ್ಸ್ ಬರುತ್ತೆ. ಬಲಗಡೆಯದು ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ಕಮ್ಮಿ ಒತ್ತಡದಲ್ಲಿ ತಳ್ಳಿದ್ರೆ ಸಾಕು, ಎಡಗಡೆಯದು ತಲೆಯಿಂದ ಪಾದದವರೆಗೂ ತಳ್ಳಬೇಕು ಅಂತ ಅರ್ಥ ಆದ್ರೆ ಯಾವ ಕಡೆ ದಪ್ಪ ಅಂತ ನೆನಪಿಟ್ಕೊಳ್ಳೋ ಕಷ್ಟಾನೇ ಇಲ್ಲ. ಕ್ಯಾಪಿಲರಿ (ಅತಿ ಸಣ್ಣ ರಕ್ತನಾಳ) ಗೋಡೆ ಒಂದೇ ಜೀವಕೋಶದಷ್ಟು ತೆಳು ಯಾಕೆ ಅಂತ ಕೇಳಿದ್ರೂ ಅಷ್ಟೇ, ಆಕ್ಸಿಜನ್ ಅಲ್ಲೇ ದಾಟಬೇಕಲ್ವಾ.

ಮೇಷ್ಟ್ರೇ, ಮೇಡಂ, ಮೊದಲ ಕ್ಲಾಸಲ್ಲಿ ಚಾರ್ಟ್ ತೆಗೆಯೋ ಮುಂಚೆ ಹಾರ್ವೆ ತೋರಿಸಿದ ಪರೀಕ್ಷೆ ಮಾಡ್ಸಿ ನೋಡಿ. ಮುಂಗೈ ಮೇಲೆ ಉಬ್ಬಿರೋ ಒಂದು ವೇನನ್ನ ಒಂದು ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಬೆರಳಲ್ಲಿ ಅಲ್ಲಿಂದ ಮೊಣಕೈ ಕಡೆಗೆ ರಕ್ತವನ್ನ ಸವರಿ ಆ ಬೆರಳು ಎತ್ತಿ. ವಾಲ್ವ್‌ವರೆಗೂ ವೇನ್ ಖಾಲಿಯಾಗೇ ಇರುತ್ತೆ, ಮೇಲಿಂದ ರಕ್ತ ವಾಪಸ್ ಬರಲ್ಲ. ಯಾಕೆ ಬರ್ತಿಲ್ಲ ಅಂತ ಮಕ್ಕಳೇ ಕೇಳ್ತಾರೆ, ಆಗ ವಾಲ್ವ್ ಹೆಸರು ಹೇಳಿ.