ಚಿಟ್ಟೆ ತೋಳು ಮರಳಿ ಬಂತು, ಬಟ್ಟೆ ಎಲ್ಲಿ?

[ಪರದೆ: ಆಸಿಯಾನ್ ಶೃಂಗಸಭೆಯ ಔತಣಕೂಟ, ಮನಿಲಾ, ನವೆಂಬರ್ 2017]

ಈ ಫೋಟೋ ನೆನಪಿದ್ಯಾ? 2017ರ ನವೆಂಬರ್, ಮನಿಲಾ. ಕುರ್ತಾ-ಜಾಕೆಟ್ ಬದಿಗಿಟ್ಟ ನಮ್ಮ ಪ್ರಧಾನಿ ಮೋದಿ, ಕೋಟು-ಟೈ ಕಳಚಿದ ಡೊನಾಲ್ಡ್ ಟ್ರಂಪ್. ಇಬ್ಬರ ಮೈಮೇಲೂ ಒಂದೇ ಬಗೆಯ ಅಂಗಿ. ಉದ್ದ ತೋಳು, ಎದೆ ಮೇಲೆ ಕಸೂತಿ, ಪ್ಯಾಂಟ್ ಒಳಗೆ ಸೇರಿಸದೆ ಹಾಗೇ ಇಳಿಬಿಟ್ಟಿದ್ದಾರೆ.

ಇದರ ಹೆಸರು ಬರೋಂಗ್ ತಗಾಲೊಗ್. ಫಿಲಿಪ್ಪೀನ್ಸ್‌ನಲ್ಲಿ ಮದುಮಗ ಹಾಕೋದು ಇದನ್ನೇ, ಅಧ್ಯಕ್ಷರು ಪ್ರಮಾಣವಚನಕ್ಕೆ ಹಾಕೋದೂ ಇದನ್ನೇ. ಎಷ್ಟೋ ಮನೆಗಳಲ್ಲಿ ಗಂಡಸು ತೀರಿಕೊಂಡಾಗ ಕೊನೇ ಸಲ ತೊಡಿಸೋದೂ ಇದನ್ನೇ.

ಇದರ ಬಗ್ಗೆ ಒಂದು ಕಥೆ ಇಂಟರ್ನೆಟ್‌ನಲ್ಲಿ ಓಡಾಡ್ತಾ ಇರುತ್ತೆ. ಸ್ಪೇನಿನವರು ಫಿಲಿಪಿನೋಗಳಿಗೆ ಅಂಗಿ ಒಳಗೆ ಸೇರಿಸಬಾರದು ಅಂತ ಕಾನೂನು ಮಾಡಿದ್ರಂತೆ, ಆಯುಧ ಬಚ್ಚಿಡಬಾರದು ಅಂತ ಬಟ್ಟೆ ಪಾರದರ್ಶಕ ಆಗಿರಬೇಕು ಅಂದ್ರಂತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಅಂಥ ಕಾನೂನಿನ ದಾಖಲೆಯನ್ನ ಇವತ್ತಿನವರೆಗೆ ಯಾರೂ ತೋರಿಸಿಲ್ಲ. ವರ್ಷವಿಡೀ ಸೆಕೆ ಇರೋ ದ್ವೀಪಗಳಲ್ಲಿ ತೆಳು ಅಂಗಿಯನ್ನ ಸಡಿಲವಾಗಿ ಬಿಟ್ಕೊಳ್ಳೋಕೆ ಯಾರ ಅಪ್ಪಣೆ ಬೇಕು ಹೇಳಿ?

ಈ ಅಂಗಿಗೆ ಅಧಿಕಾರದ ಗತ್ತು ಬಂದಿದ್ದು ತುಂಬಾ ಹಿಂದೆ ಏನಲ್ಲ. 1953ರ ಡಿಸೆಂಬರ್ 30ರಂದು ರಾಮೋನ್ ಮಗ್ಸಾಯ್‌ಸಾಯ್ ಬರೋಂಗ್ ತೊಟ್ಟೇ ಅಧ್ಯಕ್ಷರಾಗಿ ಪ್ರಮಾಣ ಮಾಡಿದ್ರು. ಅಲ್ಲಿಂದ ಮುಂದೆ ಕೋಟು ಹಿಂದೆ ಸರೀತು.

[ಪರದೆ: ಮನಿಲಾದ ರ‍್ಯಾಂಪ್ ಶೋ. ಜೀನ್ಸ್ ಮೇಲೆ ಚಿಟ್ಟೆ ತೋಳಿನ ಮೇಲಂಗಿ ತೊಟ್ಟ ಹುಡುಗಿಯರು]

ಈಗ ಕಳೆದ ಕೆಲವು ವರ್ಷಗಳಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹಳೇ ಉಡುಪಿಗೆ ಮತ್ತೆ ಜೀವ ಬಂದಿದೆ ಅಂತ ಎಲ್ಲರೂ ಹೇಳ್ತಾರೆ. ಹೌದು, ಬಂದಿದೆ. ಆದ್ರೆ ನಾನು ಹೇಳೋಕೆ ಹೊರಟಿರೋದು ಬೇರೆ. ಅಲ್ಲಿ ನಡೀತಿರೋದು ಒಂದಲ್ಲ, ಎರಡು ಪುನರುಜ್ಜೀವನ. ಒಂದು ಆಕಾರದ್ದು, ಇನ್ನೊಂದು ಬಟ್ಟೆಯದ್ದು. ಒಂದು ಓಡ್ತಾ ಇದೆ, ಇನ್ನೊಂದು ತೆವಳ್ತಾ ಇದೆ. ಫೋಟೋದಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತೆ.

ಮೊದಲು ತೆವಳ್ತಾ ಇರೋದನ್ನ ನೋಡೋಣ, ಯಾಕಂದ್ರೆ ಸ್ವಾರಸ್ಯ ಇರೋದು ಅಲ್ಲೇ.

[ಪರದೆ: ಭೂಪಟ. ಪನಾಯ್ ದ್ವೀಪ, ಅಕ್ಲಾನ್ ಪ್ರಾಂತ್ಯ, ಕಲಿಬೋ]

ಪನಾಯ್ ದ್ವೀಪದಲ್ಲಿ ಅಕ್ಲಾನ್ ಅಂತ ಒಂದು ಪ್ರಾಂತ್ಯ, ಅದರ ರಾಜಧಾನಿ ಕಲಿಬೋ. ಒಳ್ಳೇ ಬರೋಂಗ್‌ಗೆ ಬೇಕಾದ ಪೀನ್ಯಾ ಬಟ್ಟೆ ನೇಯೋದು ಇಲ್ಲಿ. ಪೀನ್ಯಾ ಅಂದ್ರೆ ಅನಾನಸ್. ಹಣ್ಣಲ್ಲ, ಎಲೆ. ನಮ್ಮ ಬನವಾಸಿ, ಸಿರಸಿ ಕಡೆ ಅನಾನಸ್ ತೋಟ ನೋಡಿದವರಿಗೆ ಆ ಎಲೆ ಕೈಕಾಲು ಗೀರೋದು ಗೊತ್ತಿರುತ್ತೆ. ಅಲ್ಲಿ ನಾರಿಗೆ ಬಳಸೋದು ರೆಡ್ ಸ್ಪ್ಯಾನಿಷ್ ಅನ್ನೋ ತಳಿ. ಸ್ಪೇನಿನವರು ಅಮೆರಿಕ ಖಂಡದಿಂದ ತಂದಿದ್ದು. ಗಿಡ ಹೊರಗಿಂದ ಬಂತು, ಮಗ್ಗದ ಕೈಚಳಕ ಊರಲ್ಲೇ ಇತ್ತು.

ಎಲೆಯಿಂದ ನೂಲು ಹೇಗೆ ಬರುತ್ತೆ? ಯಂತ್ರ ಅಂದ್ಕೊಂಡ್ರಾ? ಒಡೆದ ಪಿಂಗಾಣಿ ತಟ್ಟೆ!

[ಪರದೆ: ಹಲಗೆ ಮೇಲೆ ಉದ್ದನೆ ಹಸಿರು ಎಲೆ. ಅದನ್ನ ಹೆರೆಯುವ ಕೈಗಳು]

ಎಲೆಯ ಅಂಚಿನ ಮುಳ್ಳು ತೆಗೆದು ಹಲಗೆ ಮೇಲೆ ಹಾಸ್ತಾರೆ. ಒಡೆದ ತಟ್ಟೆಯ ಅಂಚಿನಿಂದ ಮೇಲಿನ ಹಸಿರನ್ನ ಕೆರೀತಾರೆ. ಆಗ ಒರಟು ನಾರು ಎದ್ದು ಬರುತ್ತೆ, ಅದಕ್ಕೆ ಬಾಸ್ತೋಸ್ ಅಂತಾರೆ. ಅದನ್ನ ಎಳೆದು ತೆಗೆದ ಮೇಲೆ ತಟ್ಟೆ ಕೆಳಗಿಟ್ಟು ತೆಂಗಿನ ಕರಟ ಹಿಡೀತಾರೆ, ಯಾಕಂದ್ರೆ ಒಳಗಿನ ಪದರ ತಟ್ಟೆಯ ಹರಿತ ತಡೆಯಲ್ಲ. ಕರಟದಿಂದ ನಿಧಾನಕ್ಕೆ ಹೆರೆದಾಗ ಸಿಗೋದು ಲಿನಿವಾನ್. ರೇಷ್ಮೆಯನ್ನ ನಾಚಿಸೋ ಅಷ್ಟು ನವಿರು. ಬೆಲೆ ಇರೋದು ಇದಕ್ಕೇ.

ಆ ನಾರನ್ನ ತೊಳೆದು ಒಣಗಿಸಿ ಬಾಚ್ತಾರೆ. ಇಲ್ಲೀವರೆಗೂ ಸರಿ. ಕಷ್ಟ ಶುರು ಆಗೋದು ಈಗ.

ಅನಾನಸ್ ಎಲೆ ಎಷ್ಟು ಉದ್ದವೋ ನಾರೂ ಅಷ್ಟೇ ಉದ್ದ. ಹತ್ತಿಯ ಥರ ಹೊಸೆದು ನೂಲು ತೆಗೆಯೋ ಹಾಗಿಲ್ಲ. ಹಾಗಾಗಿ ಒಂದು ಎಳೆಯ ತುದಿಗೆ ಇನ್ನೊಂದು ಎಳೆಯ ತುದಿ ಸೇರಿಸಿ ಗಂಟು ಹಾಕಬೇಕು. ಕೈಯಲ್ಲೇ. ಒಂದು ಅಂಗಿಯ ಬಟ್ಟೆಗೆ ಸಾವಿರಾರು ಗಂಟು, ಅದೂ ಕಣ್ಣಿಗೆ ಕಾಣದ ಹಾಗೆ. ನಮ್ಮ ಮಾರ್ಕೆಟ್ಟಲ್ಲಿ ಹೂ ಕಟ್ಟೋ ಹೆಂಗಸರು ಮಾತಾಡ್ತಾನೇ ಬೆರಳಾಡಿಸ್ತಾರಲ್ಲ, ಆ ವೇಗದಲ್ಲಿ ಈ ಗಂಟು ಬೀಳುತ್ತೆ. ವ್ಯತ್ಯಾಸ ಏನಂದ್ರೆ ಇಲ್ಲಿ ದಾರ ಕೂದಲಿನಷ್ಟು ತೆಳು.

ಆಮೇಲೆ ಮಗ್ಗ. ಕಾಲಿನಿಂದ ತುಳಿಯೋ ಮರದ ಮಗ್ಗ. ನವಿರು ನೂಲಾದ್ರೆ ಇಡೀ ದಿನ ಕೂತ್ರೂ ಒಂದು ಮೀಟರ್ ಮುಗಿಯೋದು ಕಷ್ಟ. ನೇಯ್ಗೆಯಲ್ಲೇ ಹೂವು ಮೂಡಿಸೋ ಸುಕ್‌ಸುಕ್ ಅನ್ನೋ ಕೆಲಸ ಇದ್ರಂತೂ ಇನ್ನೂ ನಿಧಾನ.

ಬಟ್ಟೆ ಆದಮೇಲೆ ಅದು ಸಮುದ್ರ ದಾಟಿ ಲುಜೋನ್ ದ್ವೀಪಕ್ಕೆ ಹೋಗುತ್ತೆ. ಅಲ್ಲಿ ಲಗೂನಾ ಪ್ರಾಂತ್ಯದ ಲುಂಬಾನ್ ಅನ್ನೋ ಊರು ಕಸೂತಿಗೆ ಹೆಸರುವಾಸಿ. ಬತಾಂಗಾಸ್ ಪ್ರಾಂತ್ಯದ ತಾಲ್ ಊರೂ ಹಾಗೇ. ಲುಂಬಾನ್‌ನವರ ವಿಶೇಷ ಕಲಾಡೋ. ನೇಯ್ದ ಬಟ್ಟೆಯಿಂದ ಕೆಲವು ಎಳೆಗಳನ್ನ ಹುಷಾರಾಗಿ ಎಳೆದು ತೆಗೆದು, ಉಳಿದ ಎಳೆಗಳನ್ನ ಸೂಜಿಯಿಂದ ಬಿಗಿದು ಜಾಲರಿ ಮಾಡೋದು. ಅಂದ್ರೆ ಒಂದು ದ್ವೀಪದಲ್ಲಿ ಗಂಟು ಹಾಕಿ ಹಾಕಿ ಕೂಡಿಸಿದ ಎಳೆಯನ್ನ ಇನ್ನೊಂದು ದ್ವೀಪದಲ್ಲಿ ಕಿತ್ತು ಹಾಕೋದು. ಚಂದ ಬರೋದೇ ಅದರಿಂದ!

[ಪರದೆ: 19ನೇ ಶತಮಾನದ ಇಲೋಯ್ಲೋ ಬಂದರಿನ ಚಿತ್ರ]

ಇಂಥ ಬಟ್ಟೆ ಮೂಲೆಗೆ ಬಿದ್ದಿದ್ದು ಹೇಗೆ? ಅದೇ ಪನಾಯ್ ದ್ವೀಪದ ಇನ್ನೊಂದು ತುದೀಲಿ ಇಲೋಯ್ಲೋ ಇದೆ. 19ನೇ ಶತಮಾನದ ಮಧ್ಯಭಾಗದವರೆಗೆ ಇಡೀ ದೇಶದ ನೇಯ್ಗೆಯ ದೊಡ್ಡ ಕೇಂದ್ರ ಅದು. 1855ರಲ್ಲಿ ಆ ಬಂದರನ್ನ ವಿದೇಶಿ ವ್ಯಾಪಾರಕ್ಕೆ ತೆರೆದ್ರು. ಮರುವರ್ಷ ನಿಕೋಲಸ್ ಲೋನಿ ಅನ್ನೋ ಬ್ರಿಟಿಷ್ ಉಪ ರಾಯಭಾರಿ ಬಂದಿಳಿದ. ರಾಯಭಾರಿ ಅನ್ನೋದಕ್ಕಿಂತ ವ್ಯಾಪಾರಿ ಅನ್ನೋದೇ ಸರಿ. ಸ್ಥಳೀಯ ಬಟ್ಟೆಗಳ ಮಾದರಿಗಳನ್ನ ಬ್ರಿಟನ್ನಿನ ಗಿರಣಿಗಳಿಗೆ ಕಳಿಸಿದ. ಅದೇ ವಿನ್ಯಾಸದ ಅಗ್ಗದ ಹತ್ತಿ ಬಟ್ಟೆ ಹಡಗಲ್ಲಿ ವಾಪಸ್ ಬಂತು. ಬಟ್ಟೆ ಇಳಿಸಿದ ಹಡಗು ಖಾಲಿ ಹೋಗಬಾರದಲ್ಲ, ಪಕ್ಕದ ನೆಗ್ರೋಸ್ ದ್ವೀಪದಲ್ಲಿ ಕಬ್ಬು ಬೆಳೆಸಿ ಸಕ್ಕರೆ ತುಂಬಿಸಿದ್ರು. ಮಗ್ಗದ ಊರು ಸಕ್ಕರೆಯ ಊರಾಯ್ತು.

ಮ್ಯಾಂಚೆಸ್ಟರ್ ಬಟ್ಟೆ ನಮ್ಮ ನೇಕಾರರಿಗೆ ಏನು ಮಾಡ್ತು ಅನ್ನೋದನ್ನ ಓದಿದ ನಮಗೆ ಇದರಲ್ಲಿ ಆಶ್ಚರ್ಯಪಡೋ ವಿಷಯ ಏನೂ ಇಲ್ಲ.

1980ರ ದಶಕದ ಹೊತ್ತಿಗೆ ಪೀನ್ಯಾ ನೇಯೋರು ಅಂತ ಉಳಿದಿದ್ದು ಬೆರಳೆಣಿಕೆಯ ವಯಸ್ಸಾದವರು. ಆ ದಶಕದ ಕೊನೇಲಿ ಪಾಟಿಸ್ ತೆಸೋರೋ ಅನ್ನೋ ವಸ್ತ್ರವಿನ್ಯಾಸಕಿ ಇದನ್ನ ಮತ್ತೆ ಎತ್ತಿ ನಿಲ್ಲಿಸೋ ಕೆಲಸಕ್ಕೆ ಕೈಹಾಕಿದ್ರು. ಅಲ್ಲಿಂದ ಸುಮಾರು 35 ವರ್ಷ ಆದ್ಮೇಲೆ, 2023ರ ಡಿಸೆಂಬರ್‌ನಲ್ಲಿ, ಅಕ್ಲಾನ್‌ನ ಪೀನ್ಯಾ ನೇಯ್ಗೆ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರ್ತು. ನಿಧಾನ ಅಂದ್ನಲ್ಲ, ಇದೇ.

[ಪರದೆ: ತೆರ್ನೊ ತೊಟ್ಟ ಮಹಿಳೆಯರ ಹಳೇ ಕಪ್ಪು-ಬಿಳುಪು ಚಿತ್ರಗಳು]

ಈಗ ಓಡ್ತಾ ಇರೋದಕ್ಕೆ ಬರೋಣ. ಹೆಂಗಸರ ಉಡುಪು, ತೆರ್ನೊ. ಭುಜದ ಮೇಲೆ ಚಿಟ್ಟೆ ರೆಕ್ಕೆ ಥರ ಎದ್ದು ನಿಲ್ಲೋ ತೋಳು. ಮೊದಲು ಇದು ಬಿಡಿ ಬಿಡಿ ಉಡುಪಾಗಿತ್ತು: ಮೇಲೆ ಬಾರೋ, ಕೆಳಗೆ ಸಾಯಾ, ಹೆಗಲ ಮೇಲೆ ಪನ್ಯುವೇಲೋ ಅನ್ನೋ ವಸ್ತ್ರ. ರಾಮೋನ್ ವಲೇರಾ ಅನ್ನೋ ವಿನ್ಯಾಸಕಾರ ಎಲ್ಲಾನೂ ಸೇರಿಸಿ ಒಂದೇ ಉಡುಪು ಮಾಡಿದ್ರು, ಹೆಗಲ ಮೇಲಿನ ವಸ್ತ್ರಕ್ಕೆ ವಿದಾಯ ಹೇಳಿದ್ರು. 2006ರಲ್ಲಿ ಅವರಿಗೆ ಮರಣೋತ್ತರವಾಗಿ ರಾಷ್ಟ್ರೀಯ ಕಲಾವಿದ ಅನ್ನೋ ಗೌರವ ಸಿಕ್ತು.

ಆಮೇಲೆ ಬಂದವರು ಇಮೆಲ್ಡಾ ಮಾರ್ಕೋಸ್, ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಅವರ ಹೆಂಡತಿ. ತೆರ್ನೊ ಅಂದ್ರೆ ಇಮೆಲ್ಡಾ, ಇಮೆಲ್ಡಾ ಅಂದ್ರೆ ತೆರ್ನೊ ಅನ್ನೋ ಹಾಗಾಯ್ತು. 1986ರಲ್ಲಿ ಜನ ಬೀದಿಗಿಳಿದು ಮಾರ್ಕೋಸ್ ಆಡಳಿತವನ್ನ ಇಳಿಸಿದಾಗ ಆ ತೋಳಿಗೂ ಕಳಂಕ ಅಂಟಿತ್ತು. ಬಟ್ಟೆ ಏನು ತಪ್ಪು ಮಾಡಿತ್ತು, ಪಾಪ!

2018ರಲ್ಲಿ ಬೆಂಚ್ ಅನ್ನೋ ಬಟ್ಟೆ ಕಂಪನಿ ಮತ್ತು ಫಿಲಿಪ್ಪೀನ್ಸ್ ಸಾಂಸ್ಕೃತಿಕ ಕೇಂದ್ರ ಸೇರಿ ತೆರ್ನೊಕಾನ್ ಅನ್ನೋ ಸ್ಪರ್ಧೆ ಶುರು ಮಾಡಿದ್ವು. ಬರೀ ಸ್ಪರ್ಧೆ ಅಲ್ಲ. ಹೊಸ ವಿನ್ಯಾಸಕಾರರನ್ನ ಅನುಭವಸ್ಥರ ಹತ್ರ ಕೂರಿಸಿ, ಆ ತೋಳನ್ನ ಸರಿಯಾಗಿ ಕತ್ತರಿಸೋದು, ಬೀಳದ ಹಾಗೆ ನಿಲ್ಲಿಸೋದು ಹೇಗೆ ಅಂತ ಕಲಿಸಿದ್ರು. ನನ್ನ ಲೆಕ್ಕದಲ್ಲಿ ಆ ಕಲಿಕೆ ರ‍್ಯಾಂಪ್‌ಗಿಂತ ದೊಡ್ಡದು.

ಈಗ ಆನ್‌ಲೈನ್ ಅಂಗಡಿಗಳಲ್ಲಿ ಚಿಟ್ಟೆ ತೋಳಿನ ಗಿಡ್ಡ ಮೇಲಂಗಿ ಸುಲಭವಾಗಿ ಸಿಗುತ್ತೆ. ಜೀನ್ಸ್ ಮೇಲೆ, ಟೀ-ಶರ್ಟ್ ಮೇಲೆ ಹಾಕ್ಕೋತಾರೆ. ದುಬೈ, ಅಬುಧಾಬಿಯಲ್ಲಿರೋ ನಮ್ಮ ಕರಾವಳಿಯವರು ಗಮನಿಸಿರಬಹುದು, ಜೂನ್ 12 ಅವರ ಸ್ವಾತಂತ್ರ್ಯ ದಿನ. ಆ ಹೊತ್ತಿನ ಸಮಾರಂಭಗಳಲ್ಲಿ ಫಿಲಿಪಿನೋ ಸಹೋದ್ಯೋಗಿಗಳ ಹೆಗಲ ಮೇಲೆ ಈ ತೋಳು ಕಾಣುತ್ತೆ.

ಹಾಕ್ಕೊಳ್ಳಲಿ, ಸಂತೋಷ. ಆದ್ರೆ ಅದರಲ್ಲಿ ಬಹುಪಾಲು ಪಾಲಿಯೆಸ್ಟರ್ ಆರ್ಗಾಂಜಾ, ಅಂದ್ರೆ ಪಾರದರ್ಶಕವಾದ, ಗಡುಸಾದ ತೆಳು ಬಟ್ಟೆ. ಬರೋಂಗ್ ಕಥೆನೂ ಬೇರೆ ಅಲ್ಲ. ಹೂಸಿ ಅಂತ ಮಾರೋ ಬಟ್ಟೆ ಒಂದು ಕಾಲಕ್ಕೆ ಚೀನಾದಿಂದ ಬಂದ ರೇಷ್ಮೆ ಎಳೆಯದ್ದು. ಈಗ ಆ ಹೆಸರಲ್ಲಿ ಸಿಗೋದು ಹೆಚ್ಚಾಗಿ ಯಂತ್ರದಲ್ಲಿ ನೇಯ್ದ ಆರ್ಗಾಂಜಾ. ಲೋನಿ ಮಾಡಿದ್ದನ್ನ ಈಗ ಮಾಡೋಕೆ ಹಡಗೂ ಬೇಡ, ಉಪ ರಾಯಭಾರಿನೂ ಬೇಡ.

[ಪರದೆ: ಮಿಂದನಾವ್, ಸೆಬು ಸರೋವರ. ಮಗ್ಗದ ಮೇಲೆ ಕಂದು-ಕೆಂಪು-ಬಿಳಿ ಬಟ್ಟೆ]

ದಕ್ಷಿಣದ ಮಿಂದನಾವ್‌ನಲ್ಲಿ ಸಮಸ್ಯೆಯ ರೂಪವೇ ಬೇರೆ. ಅಲ್ಲಿ ಸೆಬು ಸರೋವರದ ಸುತ್ತ ತಿಬೋಲಿ ಜನ ಇದ್ದಾರೆ. ಅವರ ಬಟ್ಟೆ ತಿನಾಲಕ್, ಅಬಾಕಾ ನಾರಿನದ್ದು. ಅಬಾಕಾ ಬಾಳೆಯ ಜಾತಿಯ ಗಿಡ. ಇದರ ಹಗ್ಗ ಹಡಗುಗಳಿಗೆ ಹೋಗ್ತಿತ್ತು, ಜಪಾನಿನ ನೋಟಿನ ಕಾಗದಕ್ಕೂ ಇದೇ ನಾರು ಸೇರುತ್ತೆ. ನಮ್ಮ ಪೋಚಂಪಳ್ಳಿಯ ಇಕತ್ ಥರ ನೇಯೋ ಮೊದಲೇ ಎಳೆಗಳನ್ನ ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಆದ್ರೆ ಕಾಗದದ ಮೇಲೆ ಬರೆದ ನಕ್ಷೆ ಇರಲ್ಲ. ವಿನ್ಯಾಸ ಕನಸಲ್ಲಿ ಬರುತ್ತೆ, ಅಬಾಕಾದ ಚೈತನ್ಯ ಫೂ ದಾಲು ಅದನ್ನ ಕೊಡ್ತಾಳೆ ಅನ್ನೋದು ಅವರ ನಂಬಿಕೆ. ಲಾಂಗ್ ದುಲಾಯ್ ಅನ್ನೋ ನೇಕಾರ್ತಿ ಇಂಥ ಸುಮಾರು ನೂರು ವಿನ್ಯಾಸಗಳನ್ನ ನೆನಪಲ್ಲೇ ಇಟ್ಕೊಂಡಿದ್ರು. 1998ರಲ್ಲಿ ದೇಶದ ಅತ್ಯುನ್ನತ ಜಾನಪದ ಕಲಾ ಗೌರವ ಅವರಿಗೆ ಸಿಕ್ತು. 2015ರಲ್ಲಿ ತೀರಿಕೊಂಡ್ರು.

ಈ ಬಟ್ಟೆಗೆ ಕಟ್ಟುಪಾಡುಗಳಿವೆ. ದಾಟಬಾರದು. ಕತ್ತರಿಸಬಾರದು, ಕತ್ತರಿಸಿದ್ರೆ ಕಾಯಿಲೆ, ಸಾವು ಬರುತ್ತೆ ಅಂತಾರೆ. ಮಾರೋದಾದ್ರೆ ಚೈತನ್ಯವನ್ನ ಸಮಾಧಾನ ಮಾಡೋಕೆ ಹಿತ್ತಾಳೆ ಉಂಗುರ ಕಟ್ಟಿ ಕೊಡೋ ಪದ್ಧತಿ ಇದೆ.

ಫ್ಯಾಷನ್ ಅಂದ್ರೇನು? ಕತ್ತರಿ! ಕೈಚೀಲಕ್ಕೆ, ಚಪ್ಪಲಿಗೆ, ಜಾಕೆಟ್ಟಿನ ಕಾಲರಿಗೆ ತಿನಾಲಕ್ ತುಂಡು ಬೇಕು. ತುಂಡು ಮಾಡಿದ್ರೆ ನೇಕಾರರಿಗೆ ದುಡ್ಡು ಬರುತ್ತೆ. ನೇಯ್ದವರ ಎದೆಯಲ್ಲಿ ಅಳುಕೂ ಉಳಿಯುತ್ತೆ. ಇದಕ್ಕೆ ಸಿದ್ಧ ಉತ್ತರ ನನ್ನ ಹತ್ರ ಇಲ್ಲ. ಆದ್ರೆ ಒಂದಂತೂ ಹೇಳ್ತೀನಿ: ಕತ್ತರಿ ಹಾಕೋದು, ಬಿಡೋದು ತೀರ್ಮಾನ ಮಾಡಬೇಕಾದವರು ತಿಬೋಲಿ ಹೆಂಗಸರು. ಪ್ರಿಂಟ್ ಮಾಡಿದ ನಕಲಿ ತಿನಾಲಕ್ ಮಾರೋನಿಗೆ ಈ ಪ್ರಶ್ನೆನೇ ಏಳಲ್ಲ. ಅವನಿಂದ ಅವರಿಗೆ ಸಿಗೋದು ಸೊನ್ನೆ.

[ಪರದೆ: ಮನಿಲಾದ ಸರ್ಕಾರಿ ಕಚೇರಿ, ಸಮವಸ್ತ್ರದಲ್ಲಿ ಸಿಬ್ಬಂದಿ]

ಸರ್ಕಾರ ಸುಮ್ಮನೆ ಕೂತಿಲ್ಲ. 2004ರ 9242ನೇ ಕಾಯ್ದೆ ಪ್ರಕಾರ ಸರ್ಕಾರಿ ನೌಕರರ ಸಮವಸ್ತ್ರಕ್ಕೆ ಅನಾನಸ್, ಅಬಾಕಾ, ಬಾಳೆ ನಾರು ಸೇರಿದ ದೇಶೀ ಬಟ್ಟೆ ಬಳಸಬೇಕು. ದೊಡ್ಡ ಸಂಖ್ಯೆಯ ಖಾಯಂ ಗಿರಾಕಿ ಸಿಕ್ಕಿದ ಹಾಗೆ. ಆದ್ರೆ ಈ ಬೇಡಿಕೆಯನ್ನ ಗಿರಣಿಯಲ್ಲಿ ಮಿಶ್ರಣ ನೂಲಿನಿಂದ ಪೂರೈಸೋದೇ ಸಲೀಸು. ಕರಟ ಹಿಡಿದು ಕೂತ ಕಲಿಬೋದ ಹೆಂಗಸಿನವರೆಗೆ ಅದು ತಲುಪೋದು ಕಷ್ಟ. ಉತ್ತರದ ಇಲೋಕೋಸ್‌ನಲ್ಲಿ ಇನಾಬೆಲ್ ಅನ್ನೋ ಸೊಗಸಾದ ಹತ್ತಿ ನೇಯ್ಗೆ ಇದೆ, ಅಲ್ಲಿ ಸಮಸ್ಯೆ ಇನ್ನೂ ಬುಡದ್ದು. ನೇಯೋರಿದ್ದಾರೆ, ಆದ್ರೆ ನೂಲು ಹೆಚ್ಚಾಗಿ ಹೊರದೇಶದ್ದು. 2009ರಲ್ಲಿ ಶುರುವಾದ ಹಾಬಿ ಅನ್ನೋ ಜವಳಿ ಮಂಡಳಿ ವರ್ಷ ವರ್ಷ ನೇಕಾರರ ಸಂತೆ ನಡೆಸುತ್ತೆ, ಜೊತೆಗೆ ಹತ್ತಿ ಮತ್ತೆ ಬೆಳೀರಿ ಅಂತ ರೈತರ ಬೆನ್ನು ಹತ್ತಿದೆ. ಮಗ್ಗದ ಬಗ್ಗೆ ಮಾತಾಡೋರು ಹೊಲದಿಂದ ಶುರು ಮಾಡಿದ್ದು ನನಗೆ ಹಿಡಿಸಿದ ವಿಷಯ.

ಮನಿಲಾಗೆ ಹೋದಾಗ ಬರೋಂಗ್ ಕೊಳ್ಳೋ ಆಸೆ ಇದ್ರೆ ಕೇಳಿ. ಬಟ್ಟೆಯನ್ನ ಬೆಳಕಿಗೆ ಹಿಡೀರಿ. ಎಳೆ ಎಲ್ಲಾ ಒಂದೇ ಸಮ, ಗಾಜಿನಂಥ ಹೊಳಪು ಅಂದ್ರೆ ಅನುಮಾನ ಪಡಿ. ಪೀನ್ಯಾದಲ್ಲಿ ಎಳೆ ಸ್ವಲ್ಪ ಏರುಪೇರು, ಹತ್ತಿರದಿಂದ ನೋಡಿದ್ರೆ ಅಲ್ಲಲ್ಲಿ ಸಣ್ಣ ಗಂಟು. ಬಣ್ಣ ಬೆಣ್ಣೆಯದ್ದು, ಅಚ್ಚ ಬಿಳಿ ಅಲ್ಲ. ಪೂರ್ತಿ ಪೀನ್ಯಾ ಕೈಗೆಟುಕದಿದ್ರೆ ಪೀನ್ಯಾ-ಸೆಡಾ ಕೇಳಿ: ಉದ್ದದ ಎಳೆ (ಹಾಸು) ರೇಷ್ಮೆಯದ್ದು, ಅಡ್ಡದ ಎಳೆ (ಹೊಕ್ಕು) ಅನಾನಸ್ ನಾರಿನದ್ದು. ಅದೂ ಕೈಮಗ್ಗದ್ದೇ. ಎಲ್ಲಿ ನೇಯ್ದಿದ್ದು, ಕಸೂತಿ ಎಲ್ಲಿಯದ್ದು ಅಂತಲೂ ಕೇಳಿ. ಕಲಿಬೋ, ಲುಂಬಾನ್ ಅನ್ನೋ ಹೆಸರುಗಳು ತಡವರಿಸದೆ ಬಂದ್ರೆ ಚೌಕಾಸಿ ಮಾಡಬೇಡಿ. ಅಂಗಡಿಯವರು ಮುಖ ಮುಖ ನೋಡಿಕೊಂಡ್ರೆ, ಆರ್ಗಾಂಜಾ ಬೆಲೆ ಎಷ್ಟೋ ಅಷ್ಟೇ ಕೊಡಿ.