ಎರಡನೇ ಕ್ವಾರ್ಟರ್‌ಬ್ಯಾಕ್‌ನ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಅಂದ ತಕ್ಷಣ ಹೆಲ್ಮೆಟ್ ಹಾಕಿಕೊಂಡವರು ಒಬ್ಬರ ಮೇಲೊಬ್ಬರು ಬೀಳುವ ಆಟ ಅಂದುಕೊಂಡು ರೇಡಿಯೊ ಆರಿಸಬೇಡಿ. ನಿಯಮಗಳ ಗೊಡವೆಗೆ ನಾನು ಹೋಗುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು. ಚೆಂಡು ತಮ್ಮ ಕಡೆ ಇದ್ದಾಗ ತಂಡವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಯಾರು ಎಲ್ಲಿಗೆ ಓಡಬೇಕು ಅಂತ ಕೂಗಿ ಹೇಳುವವನೂ ಅವನೇ, ಚೆಂಡು ಎಸೆಯುವವನೂ ಅವನೇ. ಅವನಿಗೆ ಏಟಾದರೆ ಒಳಗೆ ಕಳಿಸಲು ಇನ್ನೊಬ್ಬನನ್ನು ಇಟ್ಟುಕೊಂಡಿರುತ್ತಾರೆ. ಅವನು ಬ್ಯಾಕಪ್ ಕ್ವಾರ್ಟರ್‌ಬ್ಯಾಕ್. ಇವತ್ತಿನ ನನ್ನ ಮಾತೆಲ್ಲ ಅವನ ಬಗ್ಗೆ.

ನಮ್ಮ ಕ್ರಿಕೆಟ್ಟಿನ ಹನ್ನೆರಡನೇ ಆಟಗಾರನ ಹಾಗೆ ಅಂತ ನಿಮಗೆ ಅನ್ನಿಸಬಹುದು. ಆದರೆ ಹನ್ನೆರಡನೆಯವನು ಫೀಲ್ಡಿಂಗ್ ಮಾಡಬಹುದೇ ಹೊರತು ಬ್ಯಾಟ್ ಹಿಡಿಯುವ ಹಾಗಿಲ್ಲ. ಇವನು ಮೈದಾನಕ್ಕೆ ಇಳಿದರೆ ಇಡೀ ತಂಡವೇ ಇವನ ಕೈಗೆ ಬರುತ್ತದೆ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ಕಾಯುವುದೂ ಕೆಲಸವೇ. "ಸುಮ್ನೆ ಕೂತು ಸಂಬಳ ತಗೋತಾನೆ" ಅಂತ ಯಾರಾದರೂ ಹೇಳಿದರೆ ನನಗೆ ತಡೆಯಲು ಆಗುವುದಿಲ್ಲ. ಅವನ ವಾರ ಹೇಗಿರುತ್ತದೆ ನೋಡಿ. ಪ್ರಾಕ್ಟೀಸ್‌ನಲ್ಲಿ ಚೆಂಡು ಹೆಚ್ಚು ಹೊತ್ತು ಮೊದಲನೆಯವನ ಕೈಯಲ್ಲೇ. ಎರಡನೆಯವನು ಏನು ಮಾಡಬೇಕು ಗೊತ್ತಾ? ಮುಂದಿನ ಪಂದ್ಯದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಹಾಗೆ ಆಡಿ ತೋರಿಸಬೇಕು, ತನ್ನ ತಂಡದ ಡಿಫೆನ್ಸ್‌ನವರಿಗೆ ಅಭ್ಯಾಸ ಆಗಲಿ ಅಂತ. ಅಂದರೆ ವಾರವಿಡೀ ಬೇರೆಯವರ ಆಟ ಆಡಿ, ಭಾನುವಾರ ತನ್ನ ತಂಡದ ಆಟಕ್ಕೆ ತಯಾರಾಗಿ ನಿಲ್ಲಬೇಕು. ತನ್ನ ಆಟವನ್ನು ಅವನು ಕಲಿಯುವುದು ಮೀಟಿಂಗ್‌ನಲ್ಲಿ, ವಿಡಿಯೊ ನೋಡಿ, ಬರೆದುಕೊಂಡು. ಇದು ಕೆಲಸ ಅಲ್ವಾ?

ಈಗ ಅರ್ಲ್ ಮೊರಾಲ್ ಕಥೆ ಹೇಳುತ್ತೇನೆ. ಈ ಮನುಷ್ಯನ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್. ಅದರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 1956ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದವನು ಇವನು. ಆಮೇಲೆ ತಂಡದಿಂದ ತಂಡಕ್ಕೆ ಅಲೆದಾಟ. 1968ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಸೇರಿದ. ಅಲ್ಲಿ ಮೊದಲನೆಯವನು ಜಾನಿ ಯುನೈಟಸ್, ಆ ಕಾಲದ ಅತಿ ದೊಡ್ಡ ಹೆಸರು. ಸೀಸನ್ ಶುರುವಾಗುವ ಮೊದಲೇ ಯುನೈಟಸ್ ಮೊಣಕೈಗೆ ಏಟಾಯಿತು. ಮೊರಾಲ್ ಇಳಿದ. ಕೋಲ್ಟ್ಸ್ 14 ಪಂದ್ಯಗಳಲ್ಲಿ 13 ಗೆದ್ದಿತು. ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು. ಆದರೆ 1969ರ ಜನವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ, ಅಂದರೆ ಸೀಸನ್ನಿನ ಫೈನಲ್‌ನಲ್ಲಿ, ನ್ಯೂಯಾರ್ಕ್ ಜೆಟ್ಸ್ ಎದುರು ಎಲ್ಲ ಕೈಕೊಟ್ಟಿತು. ಮೊದಲರ್ಧದಲ್ಲೇ ಅವನು ಎಸೆದ ಮೂರು ಚೆಂಡು ಎದುರಾಳಿ ಕೈಗೆ ಹೋದವು. 16-7ಕ್ಕೆ ಸೋಲು. ಜನ ಆ ಸೋಲನ್ನು ನೆನಪಿಟ್ಟುಕೊಂಡರು, ಗೆದ್ದ 13 ಪಂದ್ಯ ಮರೆತರು. ಅನ್ಯಾಯ ಅಂದರೆ ಇದೇ.

1972ರಲ್ಲಿ ಬಾಲ್ಟಿಮೋರ್ ಅವನನ್ನು ಬಿಟ್ಟುಬಿಟ್ಟಿತು. ಆ ವರ್ಷ ಅವನಿಗೆ 38 ತುಂಬಿತು. ಅವನನ್ನು ಕರೆದುಕೊಂಡವರು ಮಯಾಮಿ ಡಾಲ್ಫಿನ್ಸ್ ಕೋಚ್ ಡಾನ್ ಶೂಲಾ. 1968ರಲ್ಲಿ ಬಾಲ್ಟಿಮೋರ್ ಕೋಚ್ ಆಗಿದ್ದವರೂ ಅವರೇ. ತಂಡ ಕೊಟ್ಟ ಶುಲ್ಕ ಬರೀ 100 ಡಾಲರ್! ಅಕ್ಟೋಬರ್ 15ರಂದು, ಸೀಸನ್ನಿನ ಐದನೇ ಪಂದ್ಯದಲ್ಲಿ, ಮಯಾಮಿಯ ಬಾಬ್ ಗ್ರೀಸಿ ಕಾಲು ಮುರಿಯಿತು. ಮೊರಾಲ್ ಇಳಿದ. ಆ ಪಂದ್ಯ ಗೆದ್ದರು. ಉಳಿದ ಒಂಬತ್ತೂ ಲೀಗ್ ಪಂದ್ಯಗಳಲ್ಲಿ ಮೊದಲಿಂದ ಆಡಿದವನು ಅವನೇ, ಒಂಬತ್ತನ್ನೂ ಗೆದ್ದರು. ನಾಕೌಟ್‌ನ ಮೊದಲ ಪಂದ್ಯವನ್ನೂ ಗೆದ್ದರು. ಆಮೇಲೆ ಸೆಮಿಫೈನಲ್ ಅನ್ನಬಹುದಾದ ಪಂದ್ಯ ಪಿಟ್ಸ್‌ಬರ್ಗ್‌ನಲ್ಲಿ. ಅರ್ಧ ಮುಗಿದಾಗ 7-7 ಸಮ. ಅಷ್ಟರಲ್ಲಿ ಗ್ರೀಸಿ ಕಾಲು ಸರಿಹೋಗಿತ್ತು. ಶೂಲಾ ದ್ವಿತೀಯಾರ್ಧಕ್ಕೆ ಗ್ರೀಸಿಯನ್ನು ಇಳಿಸಿದರು. ಅದನ್ನೂ ಗೆದ್ದರು, ಸೂಪರ್ ಬೌಲನ್ನೂ ಗೆದ್ದರು. ಫೈನಲ್‌ನಲ್ಲಿ ಆಡಿದವನು ಗ್ರೀಸಿ. ಮೊರಾಲ್ ಮತ್ತೆ ಬೆಂಚಿಗೆ.

17 ಪಂದ್ಯ, 17 ಗೆಲುವು. ಸೂಪರ್ ಬೌಲ್ ಶುರುವಾದ ಮೇಲೆ ಎನ್‌ಎಫ್‌ಎಲ್‌ನಲ್ಲಿ ಸೋಲೇ ಇಲ್ಲದೆ ಪ್ರಶಸ್ತಿ ಗೆದ್ದ ತಂಡ ಅದೊಂದೇ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಂದ್ಯಗಳನ್ನು ಶುರು ಮಾಡಿದವನು 100 ಡಾಲರಿನ ಮನುಷ್ಯ. ತಯಾರಿ ಇಲ್ಲದಿದ್ದರೆ ಅಕ್ಟೋಬರ್‌ನಲ್ಲೇ ಆ ಕಥೆ ಮುಗಿಯುತ್ತಿತ್ತು. ಅದಕ್ಕೇ ಮತ್ತೆ ಹೇಳುತ್ತೇನೆ, ಕಾಯುವುದೂ ಕೆಲಸವೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಫಿಲಡೆಲ್ಫಿಯಾದ ನಿಕ್ ಫೋಲ್ಸ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2016ರಲ್ಲಿ ಆಟವನ್ನೇ ಬಿಡುವ ಯೋಚನೆ ಮಾಡಿದ್ದವನು. 2017ರ ಡಿಸೆಂಬರ್‌ನಲ್ಲಿ ತಂಡದ ಮೊದಲನೇ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮೊಣಕಾಲಿಗೆ ಏಟಾದಾಗ ಒಳಗೆ ಬಂದ. ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ತಂಡವನ್ನು 41-33ಕ್ಕೆ ಸೋಲಿಸಿದ. ಫಿಲಡೆಲ್ಫಿಯಾದ ಆಗಿನ ಕೋಚ್ ಡಗ್ ಪೀಡರ್ಸನ್ ತಾನೇ ವರ್ಷಗಟ್ಟಲೆ ಬ್ರೆಟ್ ಫಾರ್ವ್‌ಗೆ ಬ್ಯಾಕಪ್ ಆಗಿದ್ದವನು. ಅವನ ಸಹಾಯಕ ಫ್ರಾಂಕ್ ರೈಕ್, 1993ರ ಜನವರಿಯಲ್ಲಿ ಬ್ಯಾಕಪ್ ಆಗಿ ಇಳಿದು, 35-3ರಲ್ಲಿ ಹಿಂದೆ ಬಿದ್ದಿದ್ದ ಬಫಲೋ ತಂಡವನ್ನು ಗೆಲ್ಲಿಸಿದವನು. ಬೆಂಚಿನ ಮೇಲೆ ಕೂತವನ ಮನಸ್ಸು ಈ ಇಬ್ಬರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು, ಹೇಳಿ.

ಇನ್ನು ಸಂಬಳದ ವಿಷಯ. ಚೇಸ್ ಡೇನಿಯಲ್ ಅನ್ನುವ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಲೀಗಿನಲ್ಲಿದ್ದ. ಮೊದಲಿಂದ ಆಡಿದ್ದು ಐದೇ ಪಂದ್ಯ. ಗಳಿಸಿದ್ದು ಸುಮಾರು 4 ಕೋಟಿ ಡಾಲರ್. ಇದು ಪುಕ್ಕಟೆ ದುಡ್ಡು ಅನ್ನುವವರು 2023ರ ಜನವರಿ ಪಂದ್ಯ ನೋಡಲಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಮೊಣಕೈಗೆ ಏಟಾಯಿತು. ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೂ ಏಟಾಯಿತು. ಮೂರನೆಯವನು ಇರಲಿಲ್ಲ. ಚೆಂಡು ಎಸೆಯಲಾಗದ ಪರ್ಡಿಯೇ ಮತ್ತೆ ಇಳಿಯಬೇಕಾಯಿತು. 31-7ಕ್ಕೆ ಸೋತರು. ಅದೇ ವರ್ಷ ಲೀಗು ನಿಯಮ ಬದಲಿಸಿತು. ಈಗ ತುರ್ತಿಗೆ ಅಂತ ಮೂರನೇ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಹೆಚ್ಚುವರಿಯಾಗಿ ತಯಾರಾಗಿ ಇಟ್ಟುಕೊಳ್ಳಬಹುದು.

ನಮಸ್ಕಾರ.