ಸುಶಿ ಅಲ್ಲ, ದಾಶಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಎರಡು ವರ್ಷ ಜಪಾನಿನಲ್ಲಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಹಸಿ ಮೀನು ತಿಂದ್ರಾ ಸಾರ್?" ಮದುವೆ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ. ನಾನು ಸಸ್ಯಾಹಾರಿ ಅಂತ ಗೊತ್ತಿದ್ದವರೂ ಬಿಡುವುದಿಲ್ಲ. ಅಲ್ಲ ಸ್ವಾಮಿ, ನಾವು ದಿನಾ ಮನೆಯಲ್ಲಿ ಹೋಳಿಗೆ ತಿನ್ನುತ್ತೇವಾ? ಅನ್ನದ ಮೇಲೆ ಹಸಿ ಮೀನಿಡುವ ಆ ಸುಶಿ ಅವರಿಗೆ ಹಾಗೆ. ನೆಂಟರು ಬಂದಾಗ, ಹೊರಗೆ ಹೋದಾಗ. ದಿನದ ಊಟ ಬೇರೆ. ಅನ್ನ, ಮಿಸೋ ಅನ್ನುವ ಹುದುಗಿಸಿದ ಸೋಯಾ ಮುದ್ದೆಯ ಸಾರು, ಪಲ್ಯದಂಥದ್ದು ಒಂದೆರಡು, ಜೊತೆಗೆ ಉಪ್ಪಿನಕಾಯಿ. 'ಇಚಿಜೂ ಸನ್ಸಾಯ್' ಅನ್ನುತ್ತಾರೆ. ಒಂದು ಸಾರು, ಮೂರು ಪಲ್ಯ ಅಂತ ಅರ್ಥ. ಅನ್ನ, ಉಪ್ಪಿನಕಾಯಿ ಲೆಕ್ಕಕ್ಕಿಲ್ಲ, ಅವು ಇದ್ದೇ ಇರುತ್ತವೆ.

ಈ ಊಟದ ಬುಡ ಯಾವುದು? ಅದೊಂದನ್ನೇ ಇವತ್ತು ಹೇಳುತ್ತೇನೆ. ದಾಶಿ.

ಹೋಳಿಗೆ ಸಾರಿಗೆ ಬೇಳೆ ಬೇಯಿಸಿ ಕಟ್ಟು ಬಸಿದುಕೊಳ್ಳುತ್ತೇವಲ್ಲ? ದಾಶಿ ಅಂದರೆ ಜಪಾನಿನ ಕಟ್ಟು. ಬೇಳೆ ಬದಲು ಕೊಂಬು. ಹಸುವಿನ ಕೊಂಬಲ್ಲ! ಕೊಂಬು ಅಂದರೆ ಅಗಲ ಎಲೆಯ ಹಾಗಿರುವ, ಒಣಗಿಸಿದ ಕಡಲ ಪಾಚಿ. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಸಾಕು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿಡಿ. ಕುದಿ ಬರುವ ಮೊದಲೇ ತೆಗೆದುಬಿಡಿ, ಕುದಿಸಿದರೆ ಲೋಳೆ ಲೋಳೆಯಾಗುತ್ತದೆ. ಆಮೇಲೆ ಕತ್ಸುಒಬುಶಿ ಎರಡು ಹಿಡಿ ಹಾಕಿ, ಒಲೆ ಆರಿಸಿ, ಅದು ತಳಕ್ಕಿಳಿದ ಮೇಲೆ ಸೋಸಿಕೊಳ್ಳುವುದು. ಅಷ್ಟೇ.

ಕತ್ಸುಒಬುಶಿ ಅಂದರೇನು ಅಂತ ನನಗೆ ತಿಳಿದದ್ದು ಹೇಗೆ, ಅದನ್ನು ಹೇಳಲೇಬೇಕು.

ನಾನಿದ್ದದ್ದು ಕ್ಯೋಟೋದಲ್ಲಿ, ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಮನೆ ಮಾಲೀಕರನ್ನು ಅಲ್ಲಿ ಓಯಾಸಾನ್ ಅನ್ನುತ್ತಾರೆ. ಮೊದಲ ದಿನವೇ ಕೈಮುಗಿದು ಹೇಳಿದ್ದೆ, ಮಾಂಸ ಇಲ್ಲ, ಮೀನು ಇಲ್ಲ ಅಂತ. ಆಕೆ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಅನ್ನದ ಜೊತೆ ಬಿಸಿ ಬಿಸಿ ಮಿಸೋ ಸಾರು ಬಂತು. ಮೇಲೆ ತೋಫು ತುಂಡು, ಹಸಿರು ಈರುಳ್ಳಿ. ಏನು ರುಚಿ ಅಂತೀರಿ! ಮೂರು ತಿಂಗಳು ದಿನಾ ಕುಡಿದೆ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊನೇ ಹನಿವರೆಗೂ ಕುಡಿದೆ. ಊರಿಗೆ ಕಾಗದ ಬರೆದೆ, "ಅಮ್ಮಾ, ಇಲ್ಲಿ ನನಗೆ ಊಟದ ಚಿಂತೆ ಇಲ್ಲ."

ಒಂದು ಬೆಳಿಗ್ಗೆ ಬೇಗ ಎಚ್ಚರವಾಯಿತು. ಕೆಳಗಿನಿಂದ ಸರ್‍ರ್, ಸರ್‍ರ್ ಅಂತ ಸದ್ದು. ಬಡಗಿ ಕೆಲಸದ ಸದ್ದು. ಇಳಿದು ನೋಡಿದರೆ ಅಜ್ಜಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಒಂದು ಮರದ ತುಂಡು ಕೀಸುತ್ತಿದ್ದಾರೆ. ಮುಂದೊಂದು ಪೆಟ್ಟಿಗೆ, ಅದರ ಮೇಲೆ ಕೀಸುಳಿಯ ಅಲಗು. ತುಂಡನ್ನು ಅದರ ಮೇಲೆ ಉಜ್ಜಿದ ಹಾಗೆಲ್ಲ ತೆಳ್ಳಗಿನ ಗುಲಾಬಿ ಸುರುಳಿಗಳು ಪೆಟ್ಟಿಗೆಯೊಳಗೆ ಬೀಳುತ್ತಿವೆ. ಪಾಪ, ಒಲೆಗೆ ಚಕ್ಕೆ ಮಾಡುತ್ತಿದ್ದಾರೇನೋ ಅಂದುಕೊಂಡೆ. ಗ್ಯಾಸ್ ಒಲೆ ಇರುವ ಮನೆಯಲ್ಲಿ! ನೋಡುತ್ತಿದ್ದ ಹಾಗೇ ಆ ಚಕ್ಕೆಯನ್ನು ಹಿಡಿ ಹಿಡಿಯಾಗಿ ನನ್ನ ಸಾರಿನ ಪಾತ್ರೆಗೆ ಹಾಕಿದರು.

"ಇದು ಯಾವ ಮರ?" ಅಂತ ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ತುಂಡನ್ನು ಕೈಗೆ ಕೊಟ್ಟರು. ಕಟ್ಟಿಗೆಯಷ್ಟೇ ಗಟ್ಟಿ. ಬೆರಳಲ್ಲಿ ಬಡಿದರೆ ಟಣ್ ಅನ್ನುತ್ತದೆ. ಮೂಸಿದೆ. ಹೊಗೆ ವಾಸನೆ, ಅದರ ಹಿಂದೆ... ಮೀನು. ಬೇಯಿಸಿ, ಹೊಗೆ ಹಾಕಿ, ಬೂಷ್ಟು ಹಿಡಿಸಿ, ಬಿಸಿಲಿಗಿಟ್ಟು, ತಿಂಗಳುಗಟ್ಟಲೆ ಒಣಗಿಸಿದ ಮೀನು.

"ಮೀನು ಬೇಡ ಅಂದಿದ್ದೆನಲ್ಲಾ?" ಅಂದೆ.

"ಇದು ಮೀನಲ್ಲ," ಅಂದರು ಅಜ್ಜಿ, ನಿಜವಾಗಿಯೂ ಆಶ್ಚರ್ಯದಿಂದ. "ಇದು ದಾಶಿ."

ಅವರು ಸುಳ್ಳು ಹೇಳಲಿಲ್ಲ, ತಿಳ್ಕೊಳ್ಳಿ. ಮೀನು ಅಂದರೆ ತಟ್ಟೆಯಲ್ಲಿ ಮಲಗಿರುವುದು. ದಾಶಿ ಅಂದರೆ ನೀರಿನ ಹಾಗೆ. ನೀರಿಗೆ ಯಾರಾದರೂ ಲೆಕ್ಕ ಇಡುತ್ತಾರಾ? ಮರುದಿನದಿಂದ ನನಗೆ ಬೇರೆ ಪಾತ್ರೆ ಇಟ್ಟರು. ಕೊಂಬು, ಒಣ ಶಿಟಾಕೆ ಅಣಬೆ, ಇವೆರಡರ ದಾಶಿ. ಬೌದ್ಧ ಮಠಗಳ ಅಡುಗೆಯಲ್ಲಿ ಹೀಗೇ ಮಾಡುತ್ತಾರಂತೆ. ಊರಿಗೆ ಮಾತ್ರ ಆ ವಿಷಯ ಬರೆಯಲಿಲ್ಲ.

ಕಥೆ ಉದ್ದವಾಯಿತು. ಇರಲಿ. ಈಗ ಉಳಿದ ತಿಂಡಿಗಳನ್ನು ನೋಡಿ, ದಾಶಿ ಎಲ್ಲಿಲ್ಲ ಹೇಳಿ! ಉದೋನ್, ದಪ್ಪ ಗೋಧಿ ಶಾವಿಗೆ. ಅದರ ಸಾರು ದಾಶಿ. ಸೋಬಾ, ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ಶಾವಿಗೆ. ಅದಕ್ಕೂ ದಾಶಿ. ಓಯಾಕೊದೋನ್ ಅಂದರೆ ಅನ್ನದ ಮೇಲೆ ಕೋಳಿ, ಮೊಟ್ಟೆ. ಹೆಸರಿನ ಅರ್ಥ 'ತಾಯಿ-ಮಗು ಬಟ್ಟಲು', ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅದೂ ಬೇಯುವುದು ದಾಶಿಯಲ್ಲಿ. ಒಸಾಕಾದ ಬೀದಿಯಲ್ಲಿ ನಮ್ಮ ಪಡ್ಡಿನಂಥ ಗುಳಿ ಕಾವಲಿಯಲ್ಲಿ ತಕೊಯಾಕಿ ಮಾಡುತ್ತಾರೆ. ಒಳಗೆ ಆಕ್ಟೋಪಸ್ ಚೂರು, ಹಿಟ್ಟು ಕಲಸುವುದು ದಾಶಿಯಲ್ಲಿ. ಒಂದೇ ಕಂಪನಿಯ ಕಪ್ ಉದೋನ್ ಕೂಡ ಪೂರ್ವದ ಟೋಕಿಯೋ ಕಡೆಗೆ ಒಂದು ಸಾರು, ಪಶ್ಚಿಮದ ಒಸಾಕಾ ಕಡೆಗೆ ಇನ್ನೊಂದು. ಸಾರಿನ ವಿಷಯಕ್ಕೆ ಅವರೂ ನಮ್ಮ ಹಾಗೇ ಜಗಳಗಂಟರು.

ಟೋಕಿಯೋದ ಪ್ರೊಫೆಸರ್ ಕಿಕುನಾಯೆ ಇಕೆದಾ 1908ರಲ್ಲಿ ಕೊಂಬು ದಾಶಿಯ ಆ ರುಚಿ ಬರುವುದು ಗ್ಲುಟಮೇಟ್ ಅನ್ನುವ ವಸ್ತುವಿನಿಂದ ಅಂತ ಕಂಡುಹಿಡಿದರು. ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಮರುವರ್ಷವೇ ಅದು ಪುಡಿಯಾಗಿ ಅಂಗಡಿಗೆ ಬಂತು. ಅದೇ ಅಜಿನೊಮೊಟೊ. ನಮ್ಮ ಗೋಬಿ ಮಂಚೂರಿ ಗಾಡಿಯ ಟೇಸ್ಟಿಂಗ್ ಪೌಡರ್!

ಜಪಾನಿನ ಕರಿ ರೈಸ್, ಅಂದರೆ ಮಸಾಲೆ ಸಾರು ಸುರಿದ ಅನ್ನ, ಅದರ ಬಗ್ಗೆಯೂ ಹೇಳಿ ಅಂತ ಈ ಭಾಷಣಕ್ಕೆ ಕರೆದವರು ಅಂದಿದ್ದರು. ಅದು ನಮ್ಮಿಂದ ನೇರ ಹೋದದ್ದಲ್ಲ, ಬ್ರಿಟಿಷರ ಮೂಲಕ ಹೋದದ್ದು. ಆದರೆ ಟೋಕಿಯೋದ ನಕಮುರಾಯಾ ಅನ್ನುವ ಬೇಕರಿಯ ಹೋಟೆಲಿನಲ್ಲಿ 1927ರಲ್ಲಿ ಭಾರತದ ರೀತಿಯ ಕರಿ ಶುರುವಾದದ್ದು ಅಲ್ಲಿ ಆಶ್ರಯ ಪಡೆದಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರಿಂದ. ಅದೇ ಒಂದು ಭಾಷಣಕ್ಕಾಗುವಷ್ಟಿದೆ. ಸಾಮಾನ್ಯ ಕರಿ ರೈಸಿಗೆ ದಾಶಿ ಬೇಕಿಲ್ಲ, ಒಪ್ಪುತ್ತೇನೆ. ಆದರೆ ಕರಿ ಉಳಿದರೆ ಮರುದಿನ ಏನು ಮಾಡುತ್ತಾರೆ ಗೊತ್ತಾ? ದಾಶಿ ಬೆರೆಸಿ ಉದೋನ್ ಮೇಲೆ ಸುರಿಯುತ್ತಾರೆ.

ಸಮಯ ಮುಗಿಯಿತು. ಮನೆಯಲ್ಲಿ ಮಿಸೋ ಸಾರು ಮಾಡುವವರಿಗೆ ಒಂದೇ ಮಾತು. ಮಿಸೋ ಹಾಕಿದ ಮೇಲೆ ಕುದಿಸಬೇಡಿ, ಘಮ ಹೋಗುತ್ತದೆ. ಸಸ್ಯಾಹಾರಿಗಳು ಹೋಟೆಲಿನಲ್ಲಿ "ಮೀನಿದೆಯಾ?" ಅಂತ ಕೇಳಬೇಡಿ. "ದಾಶಿ ಯಾವುದರದ್ದು?" ಅಂತ ಕೇಳಿ. ನಮಸ್ಕಾರ.